‘ಸದ್ಯಕ್ಕೆ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳುವ ಬಗೆ

ಸಗರನಾಡಿನ ಶಹಾಪುರ, ಸುರಪುರ ಸೀಮೆಯಲ್ಲಿ ಸುಗ್ಗಿ ಮುಗಿದೊಡನೆ ಹಲವು ಕುಟುಂಬಗಳು ಗುಳೆ ಹೊರಡುವುವು. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಕಟ್ಟಡದ ಕೆಲಸಕ್ಕೆ ಸೇರಿ, ಮುಂಗಾರು ಸಮೀಪಿಸಿದಾಗ ಊರಿಗೆ ಮರಳುವುವು. ಅಂಥ ಕುಟುಂಬದ ವಿದ್ಯಾರ್ಥಿಯೊಬ್ಬನು ತನ್ನ ತಂದೆಯನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ವಾಕ್ಯ ಬರೆಯಬೇಕಾಗಿದೆಯೆಂದು ಭಾವಿಸೋಣ. ‘ಮೈ ಫಾದರ್ ಲಿವ್ಸ್ ಇನ್ ಬೆಂಗಳೂರು’ ಎಂದು ಬರೆಯಬಹುದು. ‘ಮೈ ಫಾದರ್ ಈಸ್ ಲಿವಿಂಗ್ ಇನ್ ಬೆಂಗಳೂರು’ ಎಂದೂ ಬರೆಯಬಹುದು. ವ್ಯಾಕರಣದ ದೃಷ್ಟಿಯಿಂದ ಎರಡೂ ಶುದ್ಧವೇ. ಆದರೆ ಮೊದಲನೆಯದನ್ನು ಓದಿದ ಇಂಗ್ಲಿಷಿನವನು, ತಂದೆಯ ನೆಲೆಯೇ ಬೆಂಗಳೂರು ಎಂದು ತಿಳಿಯುವನು. ಎರಡನೆಯದನ್ನು ಓದಿದರೆ, ಅವನು ಅಲ್ಲಿರುವುದು ಸದ್ಯಕ್ಕೆ ಮಾತ್ರ, ಮನೆ ಬೇರೆಡೆ ಇದೆ ಎಂದು ಊಹಿಸುವನು. ಒಂದು ಸಣ್ಣ ಪ್ರತ್ಯಯದಲ್ಲಿ ಹುಟ್ಟೂರಿನ ನಂಟು ಉಳಿಯುವುದು, ಇಲ್ಲವೆ ಕಳೆದುಹೋಗುವುದು!

ತಾತ್ಕಾಲಿಕತೆಯನ್ನು ಸೂಚಿಸುವ ಪದಗಳು ಎಲ್ಲ ಭಾಷೆಗಳಲ್ಲಿಯೂ ಉಂಟು. ಇಂಗ್ಲಿಷಿನ ‘ಟೆಂಪೊರರಿ’ ಎಂಬ ಪದದ ಮೂಲವು ‘ಕಾಲ’ ಎಂಬರ್ಥದ ಲ್ಯಾಟಿನ್ ಪದ ‘ಟೆಂಪುಸ್’. ನಮ್ಮ ‘ತಾತ್ಕಾಲಿಕ’ದೊಳಗೂ ಕಾಲವೇ ಅಡಗಿದೆ. 1948ರ ವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಈ ಸೀಮೆಗೆ ‘ಹಂಗಾಮಿ’ ಎಂಬ ಕಚೇರಿಯ ಮಾತು ಚೆನ್ನಾಗಿ ಪರಿಚಿತ. ಪಾರಸಿಯಲ್ಲಿ ‘ಹಂಗಾಮ್’ ಎಂದರೆ ಸಮಯ. ಮುಂಗಾರು ಹಂಗಾಮು, ಹಿಂಗಾರು ಹಂಗಾಮು ಎಂದು ರೈತರು ಹೇಳುವಾಗ ಬರುವುದೂ ಅದೇ ಪದ. ಕಾಲದ ಎಲ್ಲೆಗೆ ಒಳಪಟ್ಟುದು ಶಾಶ್ವತವಲ್ಲ ಎಂಬ ಒಂದೇ ಆಲೋಚನೆ ಮೂರು ಭಾಷೆಗಳಲ್ಲಿ ಪದವಾಗಿ ನಿಂತಿದೆ.

ಆದರೆ ಇಂಗ್ಲಿಷಿನವರು ಅನೇಕ ವೇಳೆ ಇಂಥ ಯಾವ ಪದವನ್ನೂ ಬಳಸುವುದಿಲ್ಲ. ಆ ಕೆಲಸವನ್ನು ಕ್ರಿಯಾಪದಕ್ಕೇ ಒಪ್ಪಿಸಿಬಿಡುವರು. ಶಹಾಪುರದ ಬಳಿ, ಮಲಗಿದ ಬುದ್ಧನನ್ನು ಹೋಲುವ ಬೆಟ್ಟವನ್ನು ನಮ್ಮ ಓದುಗರಲ್ಲಿ ಹಲವರು ನೋಡಿರಬಹುದು. ಅದನ್ನು ಕುರಿತು ‘ದಿ ಹಿಲ್ ಲೈಸ್ ನಿಯರ್ ಶಹಾಪುರ್’ ಎನ್ನಬೇಕು. ಅದೇ ಬೆಟ್ಟದ ಬುಡದಲ್ಲಿ ದಣಿದ ದಾರಿಹೋಕನೊಬ್ಬನು ಬೇವಿನ ನೆರಳಿನಲ್ಲಿ ಒರಗಿದ್ದರೆ, ‘ಎ ಮ್ಯಾನ್ ಈಸ್ ಲೈಯಿಂಗ್ ಅಂಡರ್ ದಿ ಟ್ರೀ’ ಎನ್ನಬೇಕು. ಬೆಟ್ಟವು ಎದ್ದುಹೋಗುವಂತಿಲ್ಲ, ದಾರಿಹೋಕನು ಬಿಸಿಲು ಇಳಿದೊಡನೆ ಎದ್ದು ನಡೆಯುವನು. ಕನ್ನಡದಲ್ಲಾದರೋ ಬೆಟ್ಟವೂ ‘ಮಲಗಿದೆ’, ಮನುಷ್ಯನೂ ‘ಮಲಗಿದ್ದಾನೆ’. ಇಲ್ಲಿ ನಮ್ಮ ಕ್ರಿಯಾಪದವು ಆ ಭೇದವನ್ನು ತೋರಿಸುವುದಿಲ್ಲ.

ಹಾಗಾದರೆ ಎಷ್ಟು ದಿನದ ವರೆಗಿನದು ತಾತ್ಕಾಲಿಕ? ಈ ಪ್ರಶ್ನೆಗೆ ಉತ್ತರವು ದಿನಗಳ ಲೆಕ್ಕದಲ್ಲಿಲ್ಲ. ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಬಂದನು. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನು ಪ್ರಾಪ್ತವಯಸ್ಕನಾಗುವ ತನಕ ಸಂಸ್ಥಾನದ ಆಡಳಿತವನ್ನು ನೋಡಿಕೊಂಡು, 1853ರಲ್ಲಿ ಅದನ್ನು ಒಪ್ಪಿಸಿ ಹೊರಟನು. ಇಂದಿಗೂ ಅಲ್ಲಿ ‘ಟೇಲರ್ ಮಂಜಿಲ್’ ಎಂಬ ಅವನ ಬಂಗಲೆ ಇದೆ. ಹನ್ನೆರಡು ವರ್ಷ ಕಡಮೆಯೇನಲ್ಲ. ಆದರೂ ಇಂಥ ಸ್ಥಿತಿಯಲ್ಲಿರುವವನು, ತನ್ನ ಕೆಲಸಕ್ಕೆ ಕೊನೆಯೊಂದುಂಟೆಂದು ನೆನೆದರೆ ‘ಐ ಆ್ಯಮ್ ಲಿವಿಂಗ್’ ಎನ್ನುವನು. ಇದೇ ತನ್ನ ಮನೆಯೆಂದು ಎಣಿಸಿದರೆ ‘ಐ ಲಿವ್’ ಎನ್ನುವನು. ನಿನ್ನೆ ತಾನೇ ಹೊಸಮನೆ ಹೊಕ್ಕವನೂ ‘ಐ ಲಿವ್ ಹಿಯರ್’ ಎನ್ನಬಹುದು. ಕ್ರಿಯಾರೂಪವು ಅಳೆಯುವುದು ಕಾಲದ ಉದ್ದವನ್ನಲ್ಲ, ನುಡಿಯುವವನ ನೋಟವನ್ನು. ಭಾಷಾವಿಜ್ಞಾನಿ ಬರ್ನಾರ್ಡ್ ಕಾಮ್ರಿ 1976ರಲ್ಲಿ ಪ್ರಕಟಿಸಿದ ‘ಆ್ಯಸ್ಪೆಕ್ಟ್’ ಎಂಬ ಗ್ರಂಥವು ಇಂಥ ರೂಪಭೇದಗಳನ್ನೇ ವಿವೇಚಿಸುತ್ತದೆ.

ಕನ್ನಡಕ್ಕೆ ಈ ಸೂಕ್ಷ್ಮವು ಅಪರಿಚಿತವೆಂದು ಯಾರೂ ತಿಳಿಯಬಾರದು. ‘ಅಣ್ಣ ಶಹಾಪುರದಲ್ಲಿ ಇರುತ್ತಾನೆ’ ಎಂದರೆ ಅವನ ವಾಸವೇ ಅಲ್ಲಿ. ‘ಅಣ್ಣ ಶಹಾಪುರದಲ್ಲಿ ಇದ್ದಾನೆ’ ಎಂದರೆ ಈಗ ಅಲ್ಲಿದ್ದಾನೆ ಎಂದಷ್ಟೆ. ಸಂಜೆಯ ಬಸ್ಸಿಗೆ ಬಂದರೂ ಬರಬಹುದು. ಆದರೆ ಈ ಎರಡು ಭಾಷೆಗಳ ಗಡಿಗೆರೆಗಳು ಒಂದರ ಮೇಲೊಂದು ಸರಿಯಾಗಿ ಕೂಡುವುದಿಲ್ಲ. ‘ನನಗೆ ಇಬ್ಬರು ಅಣ್ಣಂದಿರು ಇದ್ದಾರೆ’ ಎಂಬಲ್ಲಿ ‘ಇದ್ದಾರೆ’ ಎಂಬುದು ಸ್ಥಿರವಾದ ಸಂಬಂಧವನ್ನೇ ಹೇಳುತ್ತದೆ. ನಮ್ಮ ವಿದ್ಯಾರ್ಥಿಗಳು ಇದನ್ನು ‘ಐ ಆ್ಯಮ್ ಹ್ಯಾವಿಂಗ್ ಟು ಬ್ರದರ್ಸ್’ ಎಂದು ಬರೆಯುವುದುಂಟು. ಭಾರತದ ಇಂಗ್ಲಿಷಿನಲ್ಲಿ ಈ ರೂಢಿ ವ್ಯಾಪಕವಾಗಿದೆ. ಇಂಗ್ಲೆಂಡಿನವನ ಕಿವಿಗಾದರೋ, ಅಣ್ಣಂದಿರನ್ನು ನಾಲ್ಕು ದಿನದ ಮಟ್ಟಿಗೆ ತರಿಸಿಕೊಂಡಂತೆ ಅದು ಕೇಳಿಸೀತು! ಪರೀಕ್ಷೆಯಲ್ಲಿ ‘ಐ ಹ್ಯಾವ್’ ಎಂದು ಬರೆಯುವುದೇ ಕ್ಷೇಮ.

ಒಂದು ಎಚ್ಚರಿಕೆಯೂ ಇಲ್ಲಿ ಅಗತ್ಯ. ‘-ಇಂಗ್’ ಕಂಡಲ್ಲೆಲ್ಲ ತಾತ್ಕಾಲಿಕವೆಂದು ತೀರ್ಮಾನಿಸಲಾಗದು. ‘ಹಿ ಈಸ್ ಆಲ್ವೇಸ್ ಕಂಪ್ಲೇನಿಂಗ್’ ಎಂಬಲ್ಲಿ ಅದು, ಅವನ ದೂರಿಗೆ ಕೊನೆಯೇ ಇಲ್ಲವೆಂಬ ಬೇಸರವನ್ನು ಸೂಚಿಸುತ್ತದೆ.

ಕಡೆಯದಾಗಿ, ಈ ಭೇದವು ಮನುಷ್ಯರ ಸ್ವಭಾವವನ್ನು ಹೇಳುವಾಗ ಎಷ್ಟು ಮುಖ್ಯವಾಗುವುದೆಂಬುದನ್ನು ನೋಡೋಣ. ‘ಹಿ ಈಸ್ ರೂಡ್’ ಎಂದರೆ ಅವನು ಒರಟ. ‘ಹಿ ಈಸ್ ಬೀಯಿಂಗ್ ರೂಡ್’ ಎಂದರೆ ಈಗ ಒರಟಾಗಿ ನಡೆದುಕೊಳ್ಳುತ್ತಿದ್ದಾನೆ. ಮೊದಲನೆಯದು ಮನುಷ್ಯನ ಮೇಲೆ ತೀರ್ಪು. ಎರಡನೆಯದು ಈ ಹೊತ್ತಿನ ನಡತೆಯ ವರ್ಣನೆ. ಒಂದು ದಿನ ಪಾಠ ಒಪ್ಪಿಸದ ಹುಡುಗನನ್ನು ನಾವು ‘ಸೋಮಾರಿ’ ಎಂದು ಕರೆದುಬಿಡುತ್ತೇವೆ. ‘ಇಂದು ಸೋಮಾರಿತನ ಮಾಡಿದ್ದಾನೆ’ ಎನ್ನಲು ಕನ್ನಡದಲ್ಲಿಯೂ ಮಾತಿಗೆ ಕೊರತೆಯಿಲ್ಲ. ಯಾವುದು ಕಾಯಂ, ಯಾವುದು ಹಂಗಾಮಿ ಎಂಬುದನ್ನು ಅರಿತು ನುಡಿಯುವುದು ವ್ಯಾಕರಣದ ಪಾಠವಷ್ಟೇ ಅಲ್ಲ, ನ್ಯಾಯದ ಪಾಠವೂ ಅಹುದು.