ದಾದರ್‌ನ ಗಚ್ಚಿಯಿಂದಲೇ ನೀಹಾರಿಕೆಯ ಫೋಟೊ

ನೀಹಾರಿಕೆಯ ಫೋಟೊ ಬೇಕೆಂದರೆ ಊರ ಬೆಳಕು ದಾಟಿ ವಾಂಗಣಿಯ ಕಡೆಗೋ ಸಹ್ಯಾದ್ರಿಗೋ ಹೋಗಲೇಬೇಕು ಎಂದು ಮುಂಬಯಿಯ ಆಕಾಶಾಸಕ್ತರು ಹೇಳುವುದುಂಟು. ಗೆಲಕ್ಸಿಗಳ ಮಟ್ಟಿಗೆ ಅದು ಸರಿ. ಗ್ರಹರೂಪಿ ನೀಹಾರಿಕೆಗಳಿಗೆ ಮಾತ್ರ ದಾದರ್‌ನ ಗಚ್ಚಿಯೇ ಸಾಕು.

ಸೂರ್ಯನಂಥ ನಕ್ಷತ್ರ ಕೊನೆಗಾಲದಲ್ಲಿ ಹೊರಚೆಲ್ಲಿದ ಅನಿಲವೇ ಈ ನೀಹಾರಿಕೆ. ಅದರ ಬೆಳಕಿನ ದೊಡ್ಡ ಪಾಲು ಕೆಲವೇ ಬಣ್ಣಗಳಲ್ಲಿ ಬರುತ್ತದೆ. ಮುಖ್ಯವಾದವು ಆಮ್ಲಜನಕದ ಹಸಿರು-ನೀಲಿ (500.7 ನ್ಯಾನೊಮೀಟರ್), ಜಲಜನಕದ ಕೆಂಪು (656.3 ನ್ಯಾನೊಮೀಟರ್). ಎಲ್‌ಇಡಿ ಬೀದಿದೀಪದ ಬೆಳಕು ಎಲ್ಲ ಬಣ್ಣಗಳಿಗೂ ಹರಡಿಕೊಂಡಿರುತ್ತದೆ. ಆ ಎರಡು ಬಣ್ಣಗಳ ಆಸುಪಾಸನ್ನಷ್ಟೇ ಒಳಬಿಡುವ ಡ್ಯುಯಲ್‌ಬ್ಯಾಂಡ್ ಫಿಲ್ಟರ್ ಹಾಕಿದರೆ ಊರ ಬೆಳಕು ಬಹುಪಾಲು ಹೊರಗೇ ಉಳಿಯುತ್ತದೆ.

1. ಗುರಿ: ಎಂ27, ಅಂದರೆ ಡಂಬೆಲ್ ನೀಹಾರಿಕೆಯಿಂದ ಆರಂಭಿಸಿ. 1764ರಲ್ಲಿ ಚಾರ್ಲ್ಸ್ ಮೆಸಿಯೆ ಕಂಡ ಇದರ ಕಾಂತಿಮಾನ ಸುಮಾರು 7.4. ಮಳೆಗಾಲ ಮುಗಿದ ಅಕ್ಟೋಬರ್‌ನಲ್ಲಿ ಕತ್ತಲಾಗುತ್ತಲೇ ಇದು ಮುಂಬಯಿಯ ನೆತ್ತಿಯ ಹತ್ತಿರವಿರುತ್ತದೆ. ಅಕ್ಕಪಕ್ಕದ ಟವರ್‌ಗಳು ಅಡ್ಡ ಬರುವುದಿಲ್ಲ. ಸಂಜೆ 7.30ರಿಂದ 10.30ರವರೆಗೆ ಒಳ್ಳೆಯ ಸಮಯ. ಪಟಾಕಿ ಹೊಗೆಯ ದೀಪಾವಳಿ ರಾತ್ರಿಗಳನ್ನು ಬಿಟ್ಟುಬಿಡಿ.

2. ಸಲಕರಣೆ: ಡಿಎಸ್‌ಎಲ್‌ಆರ್ ಕ್ಯಾಮೆರಾ, 400 ಮಿ.ಮೀ. ಆಸುಪಾಸಿನ ಲೆನ್ಸ್ ಅಥವಾ ಸಣ್ಣ ದೂರದರ್ಶಕ, ಆಕಾಶದ ಚಲನೆಯನ್ನು ಹಿಂಬಾಲಿಸುವ ಮೌಂಟ್, ಫಿಲ್ಟರ್. ಕ್ಯಾಮೆರಾದೊಳಗಿನ ಫಿಲ್ಟರ್ ಜಲಜನಕದ ಕೆಂಪನ್ನು ಸಾಕಷ್ಟು ತಡೆಯುತ್ತದೆ. ಆಮ್ಲಜನಕದ ಬೆಳಕು ಧಾರಾಳವಾಗಿ ಸಿಗುತ್ತದೆ.

3. ಜಾಗ: ಸೊಸೈಟಿಯ ಅನುಮತಿ ಪಡೆದು ಗಚ್ಚಿಯ ಕೀಲಿ ಇಸಿದುಕೊಳ್ಳಿ. ನೀರಿನ ಟಾಂಕಿಯ ಮರೆಯಲ್ಲಿ ನಿಂತರೆ ಸಮುದ್ರದ ಗಾಳಿಯೂ ಬೀದಿಯ ಬೆಳಕೂ ನೇರವಾಗಿ ತಾಗವು. ಎಕ್ಸ್‌ಪೋಷರ್ ನಡೆಯುವಾಗ ಸುತ್ತ ಓಡಾಡಬೇಡಿ, ಸ್ಲ್ಯಾಬ್ ಅದುರುತ್ತದೆ.

4. ಹೊಂದಿಸುವುದು: ಮೌಂಟ್‌ನ ಅಕ್ಷ ಧ್ರುವ ನಕ್ಷತ್ರದ ಕಡೆಗಿರಬೇಕು. ಆದರೆ ಇಲ್ಲಿ ಆ ನಕ್ಷತ್ರ ಕ್ಷಿತಿಜದಿಂದ 19 ಡಿಗ್ರಿಯಷ್ಟೇ ಮೇಲಿದ್ದು, ಕಟ್ಟಡಗಳ ಹಿಂದೆ ಮರೆಯಾಗುವುದೇ ಹೆಚ್ಚು. ಬೇರೆ ನಕ್ಷತ್ರಗಳ ಚಿತ್ರ ನೋಡಿ ಮೌಂಟ್‌ನ ಅಕ್ಷ ಸರಿಪಡಿಸಲು ನೆರವಾಗುವ ಉಚಿತ ತಂತ್ರಾಂಶಗಳಿವೆ, ಬಳಸಿ. ಅಭಿಜಿತ್ ನಕ್ಷತ್ರವನ್ನು ಲೈವ್ ವ್ಯೂನಲ್ಲಿ ಹಿಗ್ಗಿಸಿ, ಅದು ಅತಿ ಸಣ್ಣ ಚುಕ್ಕೆಯಾಗುವವರೆಗೆ ಫೋಕಸ್ ತಿರುಗಿಸಿ.

5. ಚಿತ್ರ: ಐಎಸ್‌ಒ 800, ರಾ ಫಾರ್ಮ್ಯಾಟ್, 60ರಿಂದ 120 ಸೆಕೆಂಡಿನ ಎಕ್ಸ್‌ಪೋಷರ್. ಒಂದೊಂದು ಚಿತ್ರದಲ್ಲಿ ಕಾಣುವುದು ಮಸುಕಾದ ಹಸಿರು ಕಲೆಯಷ್ಟೇ, ನಿರಾಶೆ ಬೇಡ. ಒಟ್ಟು ಎರಡು ಗಂಟೆಯಾದರೂ ಕೂಡಿಹಾಕಿ. ಸಮಯ ನಾಲ್ಕು ಪಟ್ಟಾದರೆ ಚಿತ್ರದ ಕಾಳುಕಾಳುತನ ಅರ್ಧಕ್ಕೆ ಇಳಿಯುತ್ತದೆ. ತೇವ ಹೆಚ್ಚಿರುವುದರಿಂದ ಲೆನ್ಸ್ ಮೇಲೆ ಮಂಜು ಕೂತಿದೆಯೇ ಎಂದು ನಡುನಡುವೆ ನೋಡುತ್ತಿರಿ.

6. ಪೂರಕ ಚಿತ್ರಗಳು: ಲೆನ್ಸ್ ಮುಚ್ಚಿ, ಅಷ್ಟೇ ಸೆಕೆಂಡಿನ ಇಪ್ಪತ್ತು ಡಾರ್ಕ್ ಚಿತ್ರ ತೆಗೆಯಿರಿ. ಬಳಿಕ ಫೋಕಸ್ ಕದಲಿಸದೆ, ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ ಸುಕ್ಕಿಲ್ಲದಂತೆ ಲೆನ್ಸ್ ಬಾಯಿಗೆ ಬಿಗಿದು, ಸಮನಾದ ಬೆಳಕಿನಲ್ಲಿ ಇಪ್ಪತ್ತು ಫ್ಲ್ಯಾಟ್ ಚಿತ್ರ ತೆಗೆಯಿರಿ. ಧೂಳಿನ ಉಂಗುರ, ಮೂಲೆಯ ಕಪ್ಪು ಫ್ಲ್ಯಾಟ್ ಚಿತ್ರಗಳಿಂದ ಅಳಿಯುತ್ತವೆ.

7. ಜೋಡಣೆ: ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರ್ ಉಚಿತವಾಗಿ ಸಿಗುತ್ತವೆ. ಎಲ್ಲ ಚಿತ್ರಗಳನ್ನೂ ಜೋಡಿಸಿ, ಹಿನ್ನೆಲೆಯ ಬಣ್ಣ ತೆಗೆದು, ಮಂದ ಭಾಗಗಳನ್ನು ನಿಧಾನವಾಗಿ ಬೆಳಗಿಸಿ. ನಡುವೆ ಹಸಿರು-ನೀಲಿ, ಅಂಚಿನಲ್ಲಿ ಕೆಂಪು ಇರುವ ಡಂಬೆಲ್ ಆಕಾರ ಮೂಡುತ್ತದೆ.

ಒಂದು ರಾತ್ರಿ ಮೋಡ ಬಂದರೆ ಕೆಲಸ ಹಾಳಾಗುವುದಿಲ್ಲ. ಇನ್ನೊಂದು ರಾತ್ರಿಯ ಚಿತ್ರಗಳನ್ನೂ ಅದೇ ಜೋಡಣೆಗೆ ಸೇರಿಸಬಹುದು. ಕೈ ಕುದುರಿದ ಮೇಲೆ ಅಭಿಜಿತ್‌ನ ನೆರೆಯಲ್ಲಿರುವ ಉಂಗುರ ನೀಹಾರಿಕೆ ಎಂ57ಕ್ಕೆ ಕ್ಯಾಮೆರಾ ತಿರುಗಿಸಿ. ಅದು ಇನ್ನೂ ಪುಟ್ಟದು, 1000 ಮಿ.ಮೀ. ಆಸುಪಾಸಿನ ದೂರದರ್ಶಕ ಬೇಕಾಗುತ್ತದೆ.