ನೋಡಿ ಬರೆಯೋದು ಕಾಪಿ ಹೊಡಿಯೋದಲ್ಲ



ಹೋದ ತಿಂಗಳು ಏಳನೇ ತರಗತಿಯ ಹುಡುಗನೊಬ್ಬ ಕ್ಯಾಲೆಂಡರ್ ನೋಡಿ ಬನಶಂಕರಿ ದೇವಿಯ ಚಿತ್ರ ಬರೆದುಕೊಂಡು ಬಂದ. ಸಿಂಹದ ಮೇಲೆ ಕುಳಿತ ತಾಯಿ, ಎಂಟು ಕೈ. ನಾನು ನೋಡುವುದರೊಳಗೇ ಹಿಂದಿನ ಬೆಂಚಿನಿಂದ "ಸರ, ಅವ ಕಾಪಿ ಹೊಡದಾನ್ರೀ!" ಅಂತ ಕೂಗು ಎದ್ದಿತು. ನಾನೂ ಅವಸರದಲ್ಲಿ "ಸ್ವಂತದ್ದು ಬರಿಯಪಾ" ಎಂದು ಹಾಳೆ ತಿರುಗಿ ಕೊಟ್ಟುಬಿಟ್ಟೆ. ಅಂದಿನಿಂದ ಆ ಹುಡುಗ ಚಿತ್ರಕಲೆಯ ಪಿರಿಯಡ್ಡಿನಲ್ಲಿ ಖಾಲಿ ಹಾಳೆ ಮುಂದಿಟ್ಟುಕೊಂಡು ಸುಮ್ಮನೆ ಕೂಡುತ್ತಿದ್ದ. ತಪ್ಪು ಅವನದಲ್ಲ, ನನ್ನದು. ಅದಕ್ಕೇ ಈ ಸಲದ ಪಾಠವನ್ನು ತರಗತಿಯಲ್ಲಿ ಹೇಳದೆ ಗೋಡೆಗೆ ಹಚ್ಚಿದ್ದೇನೆ, ಎಲ್ಲರೂ ಓದಲಿ ಅಂತ.

ನೀವು ಅಕ್ಷರ ಕಲಿತದ್ದು ಹೇಗೆ? ಗುರುಗಳು ಪಾಟಿಯ ಮೇಲೆ 'ಅ' ಬರೆದುಕೊಟ್ಟರು, ನೀವು ಅದರ ಮೇಲೆ ಬಳಪ ಆಡಿಸಿ ತಿದ್ದಿದಿರಿ. ಆಮೇಲೆ ಪಕ್ಕದಲ್ಲಿ ನೋಡಿಕೊಂಡು ಬರೆದಿರಿ, ಆಮೇಲೆ ನೋಡದೆ ಬರೆದಿರಿ. ಈಗ ನಿಮ್ಮೆಲ್ಲರ ಅಕ್ಷರ ಒಂದೇ ತರಹ ಇವೆಯೇನು? ಇಲ್ಲ. ಯಾರ ಅಕ್ಷರ ಯಾರದು ಅಂತ ನಾನು ಹೆಸರು ನೋಡದೆ ಹೇಳಬಲ್ಲೆ. ಇಳಕಲ್ಲಿನ ನೇಕಾರರ ಮನೆಯಲ್ಲೂ ಹಾಗೇ. ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವುದನ್ನು ಯಾರೂ ಪುಸ್ತಕ ಓದಿ ಕಲಿಯುವುದಿಲ್ಲ. ಹಿರಿಯರ ಪಕ್ಕ ಕೂತು, ಅವರ ಬೆರಳು ನೋಡಿ ನೋಡಿ ಕಲಿಯುತ್ತಾರೆ. ಅದನ್ನು ಕಾಪಿ ಅಂತ ಯಾರೂ ಅನ್ನುವುದಿಲ್ಲ. ಚಿತ್ರಕ್ಕೆ ಮಾತ್ರ ಯಾಕೆ ಅನ್ನಬೇಕು?

ಈಗ ಬಾದಾಮಿಗೆ ಹೋಗೋಣ. ಅಲ್ಲಿಯ ಮೂರನೇ ಗುಹೆಯನ್ನು ಚಾಲುಕ್ಯರ ಮಂಗಳೇಶ ಕೊರೆಸಿದ. ಅಲ್ಲಿಯ ಶಾಸನದಲ್ಲಿ ಶಕ ವರ್ಷ 500 ಎಂದಿದೆ, ಅಂದರೆ ಕ್ರಿ.ಶ. 578. ಪ್ರವಾಸಕ್ಕೆ ಹೋದಾಗ ನೀವೆಲ್ಲ ದೊಡ್ಡ ವಿಷ್ಣು, ವರಾಹ, ತ್ರಿವಿಕ್ರಮ ನೋಡಿ ಮಂಗಗಳ ಕಡೆ ಓಡಿಬಿಡುತ್ತೀರಿ. ಕತ್ತೆತ್ತಿ ನೋಡಿದವರು ಕಡಿಮೆ. ಮೊಗಸಾಲೆಯ ಮುಂದೆ ಬಾಗಿದ ಕಲ್ಲಿನ ಸೂರು ಇದೆಯಲ್ಲ, ಅದರ ಒಳಮೈಗೆ ಗಾರೆ ಬಳಿದು, ಗಾರೆಯ ಮೇಲೆ ಬಣ್ಣದ ಚಿತ್ರ ಬರೆದಿದ್ದಾರೆ. ಅರಮನೆಯ ಸಭೆ, ಕುಣಿಯುವವರು, ಬಾರಿಸುವವರು, ಆಕಾಶದಲ್ಲಿ ಹಾರುವ ಗಂಧರ್ವರು. ನಮ್ಮ ದೇಶದ ಹಿಂದೂ ಗುಡಿಗಳಲ್ಲಿ ಇಂದಿಗೆ ಉಳಿದಿರುವ ಅತಿ ಹಳೆಯ ಭಿತ್ತಿಚಿತ್ರಗಳಲ್ಲಿ ಇವೂ ಸೇರಿವೆ. 1930ರ ದಶಕದಲ್ಲಿ ಸ್ಟೆಲ್ಲಾ ಕ್ರಾಮ್ರಿಶ್ ಎಂಬ ವಿದುಷಿ ಇವುಗಳ ಕಡೆಗೆ ಪಂಡಿತರ ಗಮನ ಸೆಳೆದರು. ಈಗ ಹೋಗಿ ನೋಡಿದರೆ ಬಹಳ ಮಾಸಿವೆ. ಗಾರೆ ಉದುರಿದೆ. ಒಂದು ಮುಖ ಕಂಡರೆ ಅದರ ಭುಜ ಕಾಣುವುದಿಲ್ಲ.

ಇಂಥ ಚಿತ್ರಗಳನ್ನು ಜಗನ್ನಾಥ ಅಹಿವಾಸಿ ಎಂಬ ಕಲಾವಿದರು ನೋಡಿ ನೋಡಿ ಪ್ರತಿ ಮಾಡಿದರು. ಅವರೇನು ಕಲಿಯುವ ಹುಡುಗರಲ್ಲ, ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟಿನಲ್ಲಿ ಭಾರತೀಯ ಪದ್ಧತಿಯ ಚಿತ್ರಕಲೆ ಕಲಿಸಿದ ದೊಡ್ಡ ಗುರುಗಳು. ಅಷ್ಟು ದೊಡ್ಡವರು ಸಾವಿರದ ಮುನ್ನೂರು ವರ್ಷಕ್ಕೂ ಹಿಂದಿನ ಒಬ್ಬ ಚಿತ್ರಗಾರನ ಮುಂದೆ ಶಿಷ್ಯನಂತೆ ಕುಳಿತರು! ಮಂಗಳೇಶನ ಹೆಸರು ಕಲ್ಲಿನ ಮೇಲಿದೆ, ಕುಂಚ ಹಿಡಿದವನ ಹೆಸರು ಆ ಶಾಸನದಲ್ಲಿಲ್ಲ. ಆದರೂ ಅವನ ಗೆರೆ ಪಾಠ ಹೇಳಿತು. ಚಿತ್ರ ಮಾಸುತ್ತ ಹೋದಂತೆ ಅಹಿವಾಸಿಯವರ ಪ್ರತಿಗಳ ಬೆಲೆ ಹೆಚ್ಚುತ್ತ ಹೋಗಿದೆ. ಇದನ್ನು ಕಾಪಿ ಹೊಡೆದದ್ದು ಅನ್ನುತ್ತೀರಾ?

ಬಾದಾಮಿಯಲ್ಲೇ 1936ರಲ್ಲಿ ಹುಟ್ಟಿದವರು ಆರ್.ಎಂ. ಹಡಪದ. ಅವರೂ ಚಿತ್ರಗಾರರು, ಅವರೂ ಗುರುಗಳು. 1960ರ ದಶಕದ ಕೊನೆಗೆ ಬೆಂಗಳೂರಿನಲ್ಲಿ ಕೆನ್ ಕಲಾಶಾಲೆ ಕಟ್ಟಿ, 2003ರಲ್ಲಿ ತೀರಿಕೊಳ್ಳುವವರೆಗೂ ಕಲೆಗಾಗಿಯೇ ಬದುಕಿದರು. ಅವರ ಶಿಷ್ಯ ಜೆ.ಎಂ.ಎಸ್. ಮಣಿ ಬೆಂಗಳೂರಿನವರು. ಮುಂದೆ ಅದೇ ಶಾಲೆಯಲ್ಲಿ ಕಲಿಸಿದರು, ಪ್ರಾಂಶುಪಾಲರೂ ಆದರು. 2021ರಲ್ಲಿ ತೀರಿಕೊಂಡರು. ಗುರುಗಳ ಊರಾದ ಬಾದಾಮಿಯನ್ನು ಮಣಿಯವರು ಎಷ್ಟು ಹಚ್ಚಿಕೊಂಡರೆಂದರೆ 'ಬಾದಾಮಿಯ ಜನ' ಎಂಬ ಚಿತ್ರಮಾಲೆಯನ್ನೇ ಬರೆದರು. ಆದರೆ ಅದರಲ್ಲಿ ಇರುವವರು ಗುಹೆಯ ಗಂಧರ್ವರಲ್ಲ. ರುಮಾಲು ಸುತ್ತಿದ ನಮ್ಮ ಅಜ್ಜಂದಿರು, ಸೆರಗು ಹೊದ್ದ ನಮ್ಮ ಅವ್ವಂದಿರು, ದಪ್ಪ ದಪ್ಪ ಬಣ್ಣದಲ್ಲಿ.

ಅದೇ ಕೆನ್ ಶಾಲೆಯಲ್ಲಿ ಹಡಪದ ಅವರ ಹತ್ತಿರ ಕಲಿತ ಇನ್ನೊಬ್ಬರು ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ. ಅವರು 1990ರ ದಶಕದಲ್ಲಿ ಕ್ಯಾನ್ವಾಸು ಬಿಟ್ಟು ಸೆಗಣಿ, ಕುಂಕುಮ, ಸೂಜಿ, ದಾರ ಹಿಡಿದರು. ಸೂಜಿಗಳಿಗೆ ಪೋಣಿಸಿದ ಉದ್ದನೆಯ ದಾರಗಳಿಗೆ ಕುಂಕುಮ ಹಚ್ಚಿ, ಹಗ್ಗದಂತೆ ಕೂಡಿಸಿ ಕಲಾಕೃತಿ ಮಾಡಿದರು. ಅದು ಪರದೇಶಗಳಿಗೂ ಹೋಗಿ ಬಂತು. (ನಮ್ಮ ಅವ್ವ ದಿನಾ ಹಿಡಿಯುವ ಸಾಮಾನು, ನೋಡಿರಿ!) ಒಬ್ಬ ಗುರು, ಇಬ್ಬರು ಶಿಷ್ಯರು. ಒಬ್ಬರ ಕೆಲಸ ಇನ್ನೊಬ್ಬರ ಹಾಗಿಲ್ಲ, ಗುರುವಿನ ಹಾಗೂ ಇಲ್ಲ.

ಹಾಗಾದರೆ ನೋಡಿ ಬರೆಯುವುದು ಹೇಗೆ? ಮೊದಲನೆಯದಾಗಿ ಎಣ್ಣಿ ಹಾಳಿ ಬೇಡ. ಎಣ್ಣಿ ಹಾಳಿ ಮೇಲಿಟ್ಟು ಗೀಚಿದರೆ ಕೈ ಓಡುತ್ತದೆ, ಕಣ್ಣು ನಿದ್ದೆ ಮಾಡುತ್ತದೆ. ಐದು ನಿಮಿಷ ಪೆನ್ಸಿಲ್ ಮುಟ್ಟದೆ ಚಿತ್ರ ನೋಡಿರಿ. ಗೆರೆ ಎಲ್ಲಿ ಶುರುವಾಗಿದೆ, ಎಲ್ಲಿ ದಪ್ಪ, ಎಲ್ಲಿ ಸಣ್ಣ? ತಲೆಯ ಅಳತೆ ಇಟ್ಟರೆ ಮೈ ಎಷ್ಟು ತಲೆ ಉದ್ದ? ಆಮೇಲೆ ಚಿತ್ರ ಮುಚ್ಚಿ ನೆನಪಿನಿಂದ ಬರೆಯಿರಿ. ತೆರೆದು ಹೋಲಿಸಿ, ತಪ್ಪಿದ್ದಲ್ಲಿ ಕೆಂಪು ಪೆನ್ಸಿಲಿನ ಗುರುತು ಹಾಕಿರಿ. ರಬ್ಬರ್ ಮುಟ್ಟಬೇಡಿರಿ, ತಪ್ಪೂ ಕಾಣಲಿ. ಮೂಲದಲ್ಲಿ ಅಳಿಸಿಹೋದ ಜಾಗ ಇದ್ದರೆ ನಿಮ್ಮ ಹಾಳೆಯಲ್ಲೂ ಖಾಲಿ ಬಿಡಿರಿ, ಮನಸಿಗೆ ಬಂದದ್ದು ತುಂಬಬೇಡಿರಿ. ಕೆಳಗೆ ಯಾವುದನ್ನು ನೋಡಿ ಬರೆದದ್ದು ಅಂತ ಬರೆಯಲೇಬೇಕು. ಅದನ್ನು ಬರೆಯದೆ 'ನಂದೇ' ಅಂದರೆ ಮಾತ್ರ ಕಳ್ಳತನ. ಮೂರನೇ ಸಲ ಬರೆಯುವಾಗ ಅದೇ ಭಂಗಿಯಲ್ಲಿ ನಿಮ್ಮ ಅಜ್ಜಿಯನ್ನು ಕೂಡಿಸಿ ನೋಡಿರಿ. ಅಲ್ಲಿಂದ ಚಿತ್ರ ನಿಮ್ಮದಾಗಲು ಶುರು.

ಬಾದಾಮಿ ಪ್ರವಾಸಕ್ಕೆ ಬರುವವರು ರಟ್ಟು, ನಾಲ್ಕು ಬಿಳಿ ಹಾಳೆ, ಎರಡು ಪೆನ್ಸಿಲ್ ತರಬೇಕು. ಗೋಡೆ ಮುಟ್ಟಬಾರದು, ಹೆಸರು ಕೆತ್ತಬಾರದು. ಮೂರನೇ ಗುಹೆಯ ಚಿತ್ರ ಕಷ್ಟವಾದರೆ ಅಲ್ಲೇ ಕಂಬಗಳ ಮೇಲ್ತುದಿಯಲ್ಲಿ ನಿಂತ ದಂಪತಿಗಳಿದ್ದಾರೆ, ಅವರನ್ನು ನೋಡಿ ಬರೆಯಿರಿ. ಒಂದನೇ ಗುಹೆಯ ನಟರಾಜನಿಗೆ ಹದಿನೆಂಟು ಕೈ. ಕೈ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ.

ಆ ಹುಡುಗನ ಮನೆಗೆ ಹೋಗಿ ಹಾಳೆಯನ್ನು ಕೇಳಿ ಇಸಿದುಕೊಂಡು ಬಂದೆ. ನಿಧಾನವಾಗಿ ನೋಡಿದಾಗ ಗೊತ್ತಾಯಿತು: ಎಂಟು ಕೈಗಳಲ್ಲಿ ಐದು ಸರಿ ಬಂದಿವೆ, ಮೂರು ಬಂದಿಲ್ಲ. ಎಣ್ಣಿ ಹಾಳಿ ಇಟ್ಟಿದ್ದರೆ ಎಂಟೂ ಸರಿ ಬರುತ್ತಿದ್ದವು. ಅವನ ಒಪ್ಪಿಗೆ ಪಡೆದು ಚಿತ್ರವನ್ನು ಈ ಪಾಠದ ಪಕ್ಕದಲ್ಲೇ ಹಚ್ಚಿದ್ದೇನೆ. ಕೆಳಗೆ ಅವನೇ ಬರೆದಿದ್ದಾನೆ: 'ಕ್ಯಾಲೆಂಡರ್ ನೋಡಿ ಬರೆದದ್ದು. ಮೂರು ಕೈ ಇನ್ನೂ ಬಂದಿಲ್ಲ.'

— ನಿಮ್ಮ ಡ್ರಾಯಿಂಗ್ ಮಾಸ್ತರ