ಗಣಕದ ಲೆಕ್ಕ ಮತ್ತು ಮೇಜಿನ ಅಳತೆ: ರೇಡಿಯೋ ಆಂಪ್ಲಿಫೈಯರ್‌ಗಳಲ್ಲಿ ವ್ಯತ್ಯಾಸ ಪತ್ತೆಹಚ್ಚುವ ಕ್ರಮ

ಬಂಡೀಪುರಕ್ಕೆ ಹೊಂದಿಕೊಂಡಿರುವ ನಾಗರಹೊಳೆಯಲ್ಲಿ ಡಾ. ಕೆ. ಉಲ್ಲಾಸ ಕಾರಂತರು 1990ರಲ್ಲಿ ಹುಲಿಗಳಿಗೆ ರೇಡಿಯೋ ಕಾಲರ್ ತೊಡಿಸಿ ಅಧ್ಯಯನ ಆರಂಭಿಸಿದರು. 2025ರಲ್ಲಿ ರಾಜ್ಯ ಅರಣ್ಯ ಇಲಾಖೆಯು ದೇಶೀಯವಾಗಿ ತಯಾರಾದ ಕಾಲರನ್ನೇ ಬಿಡುಗಡೆ ಮಾಡಿತು. ನಮ್ಮ ಸಣ್ಣ ಉದ್ಯಮಿಗಳಿಗೂ ಈ ಕ್ಷೇತ್ರದಲ್ಲಿ ಅವಕಾಶವಿದೆಯೆಂಬುದಕ್ಕೆ ಇದು ನಿದರ್ಶನ.

ಕಾಲರ್‌ನ ಕ್ಷೀಣ ಸಂಕೇತವನ್ನು ಹಿಡಿಯಲು ರಿಸೀವರ್‌ನಲ್ಲಿ ಆಂಪ್ಲಿಫೈಯರ್ ಅವಶ್ಯಕ. 150 ಮೆಗಾಹರ್ಟ್ಸ್‌ನಲ್ಲಿ 20 ಡೆಸಿಬೆಲ್ ಗೇನ್ ದೊರೆಯುವುದೆಂದು ಗಣಕದ ಸಿಮ್ಯುಲೇಷನ್ ತೋರಿಸಿ, ತಯಾರಾದ ಬೋರ್ಡಿನಲ್ಲಿ 16 ಮಾತ್ರ ದೊರೆಯಿತೆನ್ನೋಣ. ಆಗ ಬಿಡಿಭಾಗಗಳನ್ನು ಒಂದೊಂದಾಗಿ ಬದಲಿಸತೊಡಗಿದರೆ ಹಣವೂ ಕಾಲವೂ ವ್ಯರ್ಥ. ಕೆಳಗಿನ ಕ್ರಮವನ್ನು ಅನುಸರಿಸುವುದು ಲೇಸು.

ಮೊದಲನೆಯದಾಗಿ, ಅಳತೆಯನ್ನೇ ಪರೀಕ್ಷಿಸಿರಿ. ಆಂಪ್ಲಿಫೈಯರ್ ತೆಗೆದು ಎರಡೂ ಕೇಬಲ್‌ಗಳನ್ನು ನೇರವಾಗಿ ಜೋಡಿಸಿದಾಗ ಉಪಕರಣವು ಸೊನ್ನೆ ತೋರಿಸಬೇಕು. ಕೇಬಲ್‌ನಲ್ಲಿ 1 ಡೆಸಿಬೆಲ್ ನಷ್ಟವಾದರೆ ಸುಮಾರು ಐದನೆಯ ಒಂದು ಭಾಗ ಶಕ್ತಿ ಹೋದಂತೆ.

ಎರಡನೆಯದಾಗಿ, ಟ್ರಾನ್ಸಿಸ್ಟರಿನ ವೋಲ್ಟೇಜ್ ಮತ್ತು ಕರೆಂಟ್ ನೋಡಿರಿ. ತಯಾರಕರು ಕೊಟ್ಟ ದತ್ತಾಂಶಗಳು ನಿರ್ದಿಷ್ಟ ವೋಲ್ಟೇಜ್ ಮತ್ತು ಕರೆಂಟ್‌ಗೆ ಮಾತ್ರ ಅನ್ವಯಿಸುತ್ತವೆ.

ಮೂರನೆಯದಾಗಿ, ಇನ್‌ಪುಟ್ ಸಂಕೇತವಿಲ್ಲದಿದ್ದರೂ ಔಟ್‌ಪುಟ್‌ನಲ್ಲಿ ಸಂಕೇತ ಕಂಡರೆ ಆಂಪ್ಲಿಫೈಯರ್ ತಾನೇ ಆಂದೋಲಿಸುತ್ತಿದೆ ಎಂದರ್ಥ. ಅದನ್ನು ನಿಲ್ಲಿಸುವವರೆಗೆ ಯಾವ ಅಳತೆಯೂ ನಂಬತಕ್ಕದ್ದಲ್ಲ.

ನಾಲ್ಕನೆಯದಾಗಿ, ಸಿಮ್ಯುಲೇಷನ್ ಬಿಟ್ಟುಬಿಟ್ಟದ್ದನ್ನು ಅದರೊಳಗೆ ಸೇರಿಸಿರಿ. ಗ್ರೌಂಡ್ ಪದರಕ್ಕೆ ಇಳಿಯುವ ಒಂದು ರಂಧ್ರದ ಇಂಡಕ್ಟೆನ್ಸ್ 1 ನ್ಯಾನೋಹೆನ್ರಿ ಎಂದಿಟ್ಟುಕೊಂಡರೆ, 150 ಮೆಗಾಹರ್ಟ್ಸ್‌ನಲ್ಲಿ ಅದು ಒಡ್ಡುವ ತಡೆ ಸುಮಾರು 0.94 ಓಮ್. 20 ಮಿಲಿಆಂಪಿಯರ್ ಹರಿಯುವ ಟ್ರಾನ್ಸಿಸ್ಟರಿನ ಒಳಗಿನ ಎಮಿಟರ್ ರೋಧವೇ ಸುಮಾರು 1.3 ಓಮ್ ಆಗಿರುವುದರಿಂದ, ಆ ರಂಧ್ರ ಎಮಿಟರ್‌ನ ದಾರಿಯಲ್ಲಿದ್ದರೆ ಗೇನ್ ಕುಗ್ಗುವುದು ಸಹಜ. ಅದೇ ರೀತಿ 1000 ಪಿಕೋಫ್ಯಾರಡ್ ಕೆಪಾಸಿಟರ್‌ಗೆ 1 ನ್ಯಾನೋಹೆನ್ರಿ ಸೇರಿದರೆ ಸುಮಾರು 159 ಮೆಗಾಹರ್ಟ್ಸ್‌ಗಿಂತ ಮೇಲೆ ಅದು ಇಂಡಕ್ಟರ್‌ನಂತೆ ವರ್ತಿಸುತ್ತದೆ. ಪರಿಹಾರ ಸುಲಭ: ಎಮಿಟರ್ ಬಳಿ ಹಲವು ರಂಧ್ರಗಳನ್ನಿಟ್ಟು, ತಂತಿದಾರಿಗಳನ್ನು ಗಿಡ್ಡಗೊಳಿಸುವುದು.

ಕೊನೆಯದಾಗಿ, ಒಮ್ಮೆಗೆ ಒಂದೇ ಬದಲಾವಣೆ ಮಾಡಿ ಫಲಿತಾಂಶವನ್ನು ಪುಸ್ತಕದಲ್ಲಿ ದಾಖಲಿಸಿರಿ. ಲೆಕ್ಕವೂ ಅಳತೆಯೂ ಹೊಂದಿಕೊಂಡ ಮೇಲೆ ಐದಾರು ಬೋರ್ಡುಗಳನ್ನು ತಯಾರಿಸಿ, ಎಲ್ಲವೂ ಒಂದೇ ರೀತಿ ವರ್ತಿಸುವುದನ್ನು ಖಚಿತಪಡಿಸಿಕೊಂಡು ನಂತರವೇ ಬೇಡಿಕೆ ಒಪ್ಪಿಕೊಳ್ಳಿರಿ. ಒಂದು ಬೋರ್ಡಿನ ದೋಷವನ್ನು ಮೇಜಿನ ಮೇಲೆಯೇ ತಿದ್ದಬಹುದು. ನೂರು ಬೋರ್ಡುಗಳು ತಿರಸ್ಕೃತವಾಗಿ ಹಿಂದಿರುಗಿದರೆ ಸಣ್ಣ ಘಟಕದ ಬಂಡವಾಳವೇ ಕರಗುತ್ತದೆ.